ಕರಿ ಒಂದು

ಬೆರಳಿನ ನೀಲಿ ಹೋಗಲಿಲ್ಲ. ಸೋಪು ಹಚ್ಚಿ, ನಿಂಬೆಹೋಳು ತಿಕ್ಕಿ, ಕೊನೆಗೆ ಪಾತ್ರೆ ಉಜ್ಜುವ ನಾರಿನಿಂದ ಕೆರೆದರೂ ಉಗುರಿನ ಸಂದಿಯಲ್ಲಿ ಅದು ಹಾಗೆಯೇ ಕೂತಿತ್ತು. ಇಪ್ಪತ್ತಾರು ವರ್ಷ ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳಲ್ಲಿ ಬಟ್ಟೆ ಕತ್ತರಿಸುತ್ತ ಬಂದವನ ಕೈ ಒಂದು ಮುಂಜಾನೆಯ ತೊಳೆತಕ್ಕೆ ಬೆಳ್ಳಗಾಗಲಿ ಎಂದು ಉಮಾಪತಿ ಇದುವರೆಗೆ ಬಯಸಿದವನೇ ಅಲ್ಲ. ಸೋಮವಾರ ಸೋಮವಾರ ಸಂಜೆ ಇದೇ ಬೆರಳುಗಳನ್ನು ತೆಗೆದುಕೊಂಡು ಹೋಗಿ ಕುರುಗೋಡಿನ ಈರಣ್ಣನ ಗುಡಿಯಲ್ಲಿ ಹಾರ್ಮೋನಿಯಂ ಪೇಟಿಯ ಮೇಲೆ ಇಡುತ್ತಿದ್ದ. ಭಜನೆಯವರು ಅವನ ಉಗುರು ನೋಡಿದವರಲ್ಲ, ನೋಡಿದ್ದರೂ ಅವರ ಉಗುರಿನಲ್ಲಿ ಗದ್ದೆಯ ಕೆಸರಿರುತ್ತಿತ್ತು. ಇವತ್ತು ಸಿರುಗುಪ್ಪದಲ್ಲಿ ಯಾರಾದರೂ ನೋಡಿಯಾರು ಎನ್ನುವ ಯೋಚನೆ ಬಂತಲ್ಲ, ಆ ಯೋಚನೆಯೇ ಕೂಲಿಯವನ ಯೋಚನೆ ಎಂದು ಅನ್ನಿಸಿ ನಾರನ್ನು ಬಚ್ಚಲ ಮೂಲೆಗೆ ಎಸೆದ.

“ಮದಿಮಗನ ಹಂಗ ತಿಕ್ಕೊಳ್ಳಾಕತ್ತೀರಲ್ರಿ,” ಎಂದಳು ಹೆಂಡತಿ ಸುಧಾರಾಣಿ, ಒಲೆಯ ಕಡೆಯಿಂದ ಮುಖ ತಿರುಗಿಸದೆ. “ಗುಡಿಗೆ ಹೋಗಬೇಕಾದ್ರ ಕೈಗೆ ನೀರು ಸೋಕಿಸ್ತಿದ್ದಿಲ್ಲ.”

“ಹಂಪೇಶನ ಕೈ ಮುರಿದೈತಿ ಅಂತ ಹೊಂಟೀನಿ. ರೊಕ್ಕಕ್ಕಲ್ಲ.”

“ನಾ ಏನಂದೆ? ರೊಕ್ಕದ ಮಾತು ತೆಗೆದವ್ರು ನೀವ.”

ಅವಳು ಅಂದದ್ದು ನಿಜ. ರೊಕ್ಕದ ಮಾತು ತೆಗೆಯುವವನು ಯಾವಾಗಲೂ ಅವನೇ. ಮದುವೆಮನೆಯಲ್ಲಿ ಯಾರಾದರೂ “ಪೇಟಿ ನುಡಿಸ್ತೀರಂತಲ್ರಿ” ಎಂದು ಕೇಳಿದರೆ, ಅವರು ಇನ್ನೂ ಕುರ್ಚಿಯ ಮೇಲೆ ಸರಿಯಾಗಿ ಕೂತಿರುವುದಿಲ್ಲ, “ನುಡಿಸ್ತೀನ್ರಿ, ಆದ್ರ ರೊಕ್ಕಕ್ಕ ನುಡಿಸಂಗಿಲ್ಲ” ಎಂದು ಹೇಳಿಬಿಟ್ಟಿರುತ್ತಿದ್ದ. ಕೊಡುತ್ತೇನೆಂದು ಯಾರೂ ಅಂದಿರುತ್ತಿರಲಿಲ್ಲ. ಆ ಮಾತಿನ ರುಚಿಯೇ ಬೇರೆ. ಬೆಲ್ಲದ ಚೂರಿನಂತೆ ದವಡೆಯಲ್ಲಿಟ್ಟುಕೊಂಡು ದಿನವೆಲ್ಲ ಚೀಪಬಹುದು. ಮೇಜಿನ ಮೇಲೆ ಅರವತ್ತು ಪದರ ಬಟ್ಟೆ ಹಾಸಿ, ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು ಎಂದು ಗಿರಾಕಿಯ ಸೊಂಟಕ್ಕೆ ತಕ್ಕಂತೆ ಗುರುತು ಹಾಕಿ ಮಷೀನು ಓಡಿಸುವಾಗ, ನೀಲಿ ಧೂಳು ಮೂಗಿಗೆ ತುಂಬುವಾಗ, ಇದು ಹೊಟ್ಟೆಗೆ, ಅದು ನನಗೆ ಎಂದುಕೊಂಡರೆ ಮೈ ಹಗುರಾಗುತ್ತಿತ್ತು. ಮತ್ತು ಹಾಗೆ ಅಂದುಕೊಳ್ಳುವಾಗಲೆಲ್ಲ ಹಂಪೇಶನ ಮುಖ ಕಣ್ಣೆದುರು ಬರಬೇಕಾಗುತ್ತಿತ್ತು. ಹಂಪೇಶನಿಲ್ಲದೆ ಆ ಹಗುರ ಪೂರ್ತಿ ಆಗುತ್ತಿರಲಿಲ್ಲ.

ಹಂಪೇಶ ಮತ್ತು ಅವನು ಕುರುಗೋಡಿನಲ್ಲಿ ಒಂದೇ ಚಾಪೆಯ ಮೇಲೆ ಕೂತು ಕಾಡಸಿದ್ದಪ್ಪ ಮಾಸ್ತರರ ಹತ್ತಿರ ಪೇಟಿ ಕಲಿತವರು. ಈಗ ಹಂಪೇಶ ಗೃಹಪ್ರವೇಶ, ಸೀಮಂತ, ಅರವತ್ತರ ಶಾಂತಿ, ಯಾರು ಕರೆದರೂ ಅಲ್ಲಿಗೆ ಹೋಗಿ ರೊಕ್ಕಕ್ಕೆ ನುಡಿಸುತ್ತಾನೆ. ಹೋದ ಬುಧವಾರ ಅವನು ಬಲಗೈಗೆ ಪಟ್ಟಿ ಕಟ್ಟಿಸಿಕೊಂಡು ಉಮಾಪತಿಯ ಮನೆಗೆ ಬಂದಿದ್ದ. ಬೈಕಿನಿಂದ ಬಿದ್ದು ಮುಂಗೈ ಮುರಿದಿತ್ತು. ಬೆರಳು ಮೊದಲಿನ ಹಾಗೆ ಆಡುತ್ತವೋ ಇಲ್ಲವೋ ಡಾಕ್ಟರು ಬಾಯಿಬಿಟ್ಟು ಹೇಳಿರಲಿಲ್ಲ.

“ಸೋಮವಾರ ಸಿರುಗುಪ್ಪದಾಗ ಒಂದು ಗೃಹಪ್ರವೇಶ ಐತಿ. ಮಾತು ಕೊಟ್ಟೀನಿ. ನೀ ಹೋಗಿ ಬಾ.”

“ನಾ ರೊಕ್ಕಕ್ಕ ನುಡಿಸಂಗಿಲ್ಲ ಅಂತ...”

“ಗೊತ್ತೈತಿ ಮಾರಾಯ. ಮೂವತ್ತು ವರ್ಷ ಅದನ್ನ ಕೇಳಿ ಕೇಳಿ ಕಿವಿ ತೂತು ಬಿದ್ದಾವ. ನಾ ಏನ್ ನಿನ್ನ ಶೀಲ ಕೇಳಾಕತ್ತೀನೇನ್ಲೇ? ಒಂದು ಮಧ್ಯಾಹ್ನ ಕೇಳಾಕತ್ತೀನಿ.” ಆಮೇಲೆ ದನಿ ಇಳಿಸಿ, “ಹೊಂದಿಕಿ ಆದ್ರ ಮುಂದಿನವನ್ನೂ ನೀನ ನೋಡ್ಕೊ. ಮುಂದಿನ ಗುರುವಾರ ಮೋಕಾ ಊರಾಗ ಒಂದೈತಿ. ದೀಪಾವಳಿತನಕ ಒಪ್ಪಿಕೊಂಡೀನಿ. ಸೋಮವಾರ ಸಂಜಿ ಹೇಳಿಬಿಡು, ಇಲ್ಲಾಂದ್ರ ಬ್ಯಾರೇವ್ರನ್ನ ಹುಡುಕಬೇಕು,” ಎಂದ.

ಕಾರ್ಖಾನೆಯಲ್ಲಿ ಕಂಪ್ಯೂಟರಿನಿಂದ ಕತ್ತರಿಸುವ ಮಷೀನು ಬರುತ್ತದೆಂದು, ಆರು ಜನ ಕಟಿಂಗ್ ಮಾಸ್ತರರಲ್ಲಿ ಇಬ್ಬರು ಉಳಿಯುತ್ತಾರೆಂದು ಉಮಾಪತಿ ಯಾರಿಗೂ ಹೇಳಿರಲಿಲ್ಲ. ಹಂಪೇಶನಿಗೆ ಅದು ಗೊತ್ತಿತ್ತೋ ಏನೋ. ಗೊತ್ತಿದ್ದರೆ ಅದು ದಯೆ, ಗೊತ್ತಿಲ್ಲದಿದ್ದರೆ ಅವಕಾಶ. ಎರಡೂ ಉಮಾಪತಿ ಸಹಿಸುವಂಥವಲ್ಲ. ಆದರೂ “ಆತು, ನಿನ್ನ ಸಲುವಾಗಿ” ಎಂದುಬಿಟ್ಟಿದ್ದ. ಅನ್ನುವಾಗ ಎದೆಯಲ್ಲಿ ಏನೋ ಪುಟಿದದ್ದು ಸುಳ್ಳಲ್ಲ. ಮೂವತ್ತು ವರ್ಷ ಬೇಡವೆಂದದ್ದನ್ನು ಯಾರಾದರೂ ಒಮ್ಮೆ ತಂದು ಬಾಗಿಲಲ್ಲಿಟ್ಟು ಕೇಳಲಿ ಎಂದು ಒಳಗೊಂದು ನಾಯಿ ಕಾದುಕೊಂಡೇ ಕೂತಿತ್ತು. ಕೇಳಿದೊಡನೆ ಬಾಲ ಆಡಿಸಿತು.

ಬಸ್ಸಿನಲ್ಲಿ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕಂಡಕ್ಟರು ಅದಕ್ಕೆ ಲಗೇಜು ಟಿಕೀಟು ಹರಿದುಕೊಟ್ಟು, “ಬ್ಯಾಂಡಿನವ್ರೇನ್ರಿ?” ಎಂದ. ಇಷ್ಟು ವರ್ಷ ಕುರುಗೋಡಿನ ಬಸ್ಸಿನಲ್ಲಿ ಇದೇ ಪೇಟಿಯನ್ನು ಒಯ್ದರೂ ಯಾರೂ ಹಾಗೆ ಕೇಳಿರಲಿಲ್ಲ. ಅಲ್ಲ ಎಂದು ಹೇಳಲು ಬಾಯಿ ತೆರೆದವನಿಗೆ, ಇವತ್ತಿನ ಮಟ್ಟಿಗೆ ಹೌದೇ ಅಲ್ಲವೆ ಎನ್ನಿಸಿ ಬಾಯಿ ಅಲ್ಲೇ ನಿಂತಿತು. ಕಂಡಕ್ಟರು ಉತ್ತರಕ್ಕೆ ಕಾಯಲಿಲ್ಲ. ಊರು ಹಿಂದಾಯಿತು; ಬೋಳುಗುಡ್ಡದ ಬಂಡೆಗಳು ಮುಗಿದು, ಕಾಲುವೆ ನೀರಿನ ಹಸಿರು ರಸ್ತೆಯ ಎರಡೂ ಕಡೆ ಬಂತು. ನಾಟಿ ನಡೆದಿತ್ತು. ಬಗ್ಗಿದ ಹೆಂಗಸರ ಸಾಲು. ಒಬ್ಬಳ ಮೊಬೈಲಿನಲ್ಲಿ ಹಾಡು. ಮೊದಲು ಇವರೇ ಹಾಡುತ್ತಿದ್ದರು, ಈಗ ಹಾಡುವುದಕ್ಕೂ ಆಳು ಇಟ್ಟಿದ್ದಾರೆ ಎಂದು ಅವನು ಮನಸ್ಸಿನಲ್ಲೇ ಕುಟುಕಿದ. ಹೀಗೆ ಕುಟುಕುವುದು ಅವನಿಗೆ ಅಭ್ಯಾಸ. ಗುಡಿಯ ಭಜನೆಯವರನ್ನೂ ಅವನು ಬಿಟ್ಟವನಲ್ಲ. ಮುಂದಾಳು ವೆಂಕಣ್ಣ ಮೇಲಿನ ಸಾಲಿಗೆ ಹೋದರೆ ಕತ್ತಿನ ನರ ಹಗ್ಗದ ಹಾಗೆ ಉಬ್ಬಿ ದನಿ ಸೀಳಿಹೋಗುತ್ತಿತ್ತು. ಕೆಳಗೆ ಬಂದರೆ ಬಾವಿಯಲ್ಲಿ ಕೊಡ ಮುಳುಗಿದ ಹಾಗೆ. ಕಿವಿಯಿಲ್ಲದ ಮಂದಿ, ಆದರೆ ಸುಖಪಡುತ್ತಾರೆ. ಸುಖ ಎನ್ನುವುದು ಬಹುಶಃ ಕಿವಿಯಿಲ್ಲದವರ ಸೊತ್ತು ಎಂದು ಪೇಟಿಯ ಹಿಂದೆ ಕೂತು ಅವನು ಎಷ್ಟೋ ಸಲ ನಕ್ಕಿದ್ದಾನೆ. ಆ ಗದ್ದಲದ ನಡುವೆ ತನ್ನ ಬೆರಳು ಮಾತ್ರ ಶುದ್ಧವಾಗಿ ಓಡಾಡುತ್ತದೆ, ಅದನ್ನು ತಾನೊಬ್ಬನೇ ಕೇಳುತ್ತೇನೆ ಎನ್ನುವುದು ಅವನ ಸೋಮವಾರದ ಸುಖ.

ಆ ಬೆರಳು ಓಡಾಡುತ್ತಿದ್ದದ್ದು ಕರಿ ಒಂದರಿಂದ. ಪೇಟಿಯ ಕರಿಮನೆಗಳಲ್ಲಿ ಮೊದಲನೆಯದನ್ನೇ ಷಡ್ಜ ಮಾಡಿಕೊಂಡು ಮಾಸ್ತರರು ಇಬ್ಬರಿಗೂ ಶುರು ಮಾಡಿಸಿದ್ದರು. “ಒಂದು ವರ್ಷ ಕರಿ ಒಂದು. ಆಮ್ಯಾಲೆ ಉಳಿದ ಹನ್ನೊಂದು ಮನಿ,” ಎಂದಿದ್ದರು. ವರ್ಷ ಕಳೆದ ಮೇಲೆ ಹಂಪೇಶನನ್ನು ಕೂರಿಸಿ ಒಂದೇ ಹಾಡನ್ನು ಬಿಳಿ ಎರಡು, ಕರಿ ಮೂರು, ಬಿಳಿ ಐದು ಎಂದು ಮನೆಯಿಂದ ಮನೆಗೆ ಹೊತ್ತು ತಿರುಗಿಸುತ್ತಿದ್ದರು. ಹಂಪೇಶನಿಗೆ ತಪ್ಪುತ್ತಿತ್ತು, ಮಂಡಿಯ ಮೇಲೆ ಏಟು ಬೀಳುತ್ತಿತ್ತು, ಮತ್ತೆ ತಪ್ಪುತ್ತಿತ್ತು. ಉಮಾಪತಿ ಗೋಡೆಗೆ ಒರಗಿ ನೋಡುತ್ತ, ಯಾವ ಗಿರಾಕಿ ಯಾವ ಅಳತೆ ಕೇಳಿದರೂ ಅಂಗಿ ಹೊಲಿದುಕೊಡುವ ದರ್ಜಿಯ ಹಾಗೆ ಇದೇನು ಕೆಲಸ, ಸಂಗೀತಕ್ಕೆ ಒಂದು ಮನೆ ಸಾಲದೇ ಎಂದುಕೊಂಡ. ಮಾಸ್ತರರು ಕರೆದಾಗ “ನನಗ ಇಷ್ಟ ಸಾಕ್ರಿ, ನಾ ಮುಂದ ರೊಕ್ಕಕ್ಕ ನುಡಿಸಾವಲ್ಲ” ಎಂದ. ಆ ಮಾತನ್ನು ಅವನು ಮೊದಲ ಸಲ ಅಂದದ್ದು ಆಗಲೇ, ಹದಿನೆಂಟನೆಯ ವಯಸ್ಸಿಗೆ. ಮಾಸ್ತರರು ಒಂದು ಗಳಿಗೆ ಅವನನ್ನೇ ನೋಡಿ, ಎಲೆಯಡಿಕೆ ಉಗುಳಿ ಬಂದು, ಹಂಪೇಶನ ಕಡೆ ತಿರುಗಿ ಕೂತರು. ತನ್ನ ಮಾತಿಗೆ ಅವರು ತಲೆಬಾಗಿದರೆಂದೇ ಅವನು ಇಷ್ಟು ವರ್ಷ ತಿಳಿದದ್ದು.

ಸಿರುಗುಪ್ಪದ ಹೊಸ ಮನೆ ಕಾಂಟ್ರಾಕ್ಟರ್ ಓಬಳೇಶನದು. ಮೂರು ಅಂತಸ್ತು, ಮೆಟ್ಟಿಲಿಗೆಲ್ಲ ಹೊಳೆಯುವ ಕಲ್ಲು, ಕಾಲು ಜಾರದಿರಲೆಂದು ಅದರ ಮೇಲೆ ಗೋಣಿಚೀಲ. ಹಾಡುವವರಿಗೆ ಶಾಮಿಯಾನದ ಕೊನೆಯಲ್ಲಿ, ಕೈ ತೊಳೆಯುವ ನಲ್ಲಿಗಳ ಪಕ್ಕ, ಎರಡು ಮಂಚ ಜೋಡಿಸಿ ಜಮಖಾನ ಹಾಸಿದ್ದರು. ಉಂಡವರೆಲ್ಲ ಅಲ್ಲೇ ಬಂದು ಬಾಯಿ ಮುಕ್ಕಳಿಸಿ, ಕೈ ಝಾಡಿಸಿ, ಆ ಕೈಯಿಂದಲೇ ಹಾಡುವವರಿಗೆ ನಮಸ್ಕಾರ ಮಾಡಿ ಹೋಗುತ್ತಿದ್ದರು. ಪೇಟಿಯ ಮೇಲೆ ಹನಿ ಬಿದ್ದಾಗಲೆಲ್ಲ ಉಮಾಪತಿ ಟವೆಲಿನಿಂದ ಒರೆಸಿದ. ಮೂರನೆಯ ಸಲ ಒರೆಸುವಾಗ ತಬಲಾದ ದುರುಗಪ್ಪ, “ಬಿಡ್ರಿ ಮಾಸ್ತರ್ರ, ಇದು ಸಾಂಬಾರಿನ ಹನಿ ಅಲ್ಲ, ಬರೇ ನೀರು. ಪುಣ್ಯ ಮಾಡೀರಿ,” ಎಂದ. ದುರುಗಪ್ಪ ಐವತ್ತು ದಾಟಿದ, ಹಲ್ಲಿಗೆಲ್ಲ ಎಲೆಯಡಿಕೆ ಬಣ್ಣ ಹತ್ತಿದ ಮನುಷ್ಯ, ಯಾವುದಕ್ಕೂ ಬೇಜಾರಾಗದವನು. ಅಂಥವರನ್ನು ಕಂಡರೆ ಉಮಾಪತಿಗೆ ಆಗುವುದಿಲ್ಲ.

ಹಾಡುವವಳು ಐಶ್ವರ್ಯ. ಇಪ್ಪತ್ತೈದರ ಆಸುಪಾಸು, ಮಿರುಗುವ ಸೀರೆ, ಮುಂದೆ ಮೊಬೈಲು ನಿಲ್ಲಿಸಿಕೊಂಡು ಅದರಲ್ಲಿ ಹಾಡಿನ ಸಾಲು ನೋಡುತ್ತಿದ್ದಳು. ಸಾಲು ಕೂಡ ನೆನಪಿಲ್ಲದ ಹಾಡಿಕೆ ಎಂದು ಅವನು ಲೆಕ್ಕ ಮುಗಿಸಿಬಿಟ್ಟಿದ್ದ. ಅವಳು ಮೈಕು ಸರಿಮಾಡಿಕೊಂಡು, ಅವನ ಕಡೆ ಬಾಗಿ, “ಮಾಸ್ತರ್ರ, ಕರಿ ಐದು ಕೊಡ್ರಿ,” ಎಂದಳು.

ಅವನು ಕರಿ ಒಂದು ಒತ್ತಿದ. ಒತ್ತಿದ್ದು ಅವನಲ್ಲ, ಬೆರಳು.

“ಕರಿ ಐದ್ರಿ.”

“ಕರಿ ಒಂದ್ರಾಗ ಹಾಡಮ್ಮ. ಪೇಟಿಗೆ ಚಲೋ ಕೂಡ್ತೈತಿ.”

“ಪೇಟಿಗೆ ಕೂಡ್ತೈತ್ರಿ, ನನಗ ಕೂಡಬೇಕಲ್ಲ,” ಎಂದು ಅವಳು ನಕ್ಕಳು. “ಕರಿ ಒಂದು ನನಗ ಅತ್ಲಾಗೂ ಅಲ್ಲ ಇತ್ಲಾಗೂ ಅಲ್ರಿ. ಕೆಳಗ ಹಾಡಿದ್ರ ಗಂಟಲದಾಗ ಉಳೀತೈತಿ, ಮ್ಯಾಲ ಹಾಡಿದ್ರ ಕುತಿಗಿ ಹರೀತೈತಿ.”

ಕರಿ ಐದಕ್ಕೆ ಬೆರಳಿಟ್ಟು ಷಡ್ಜ ಹಿಡಿದುಕೊಟ್ಟ. ಅಷ್ಟು ಯಾರಿಗಾದರೂ ಬರುತ್ತದೆ. ಅವಳು ಗಣಪನ ಸ್ತುತಿ ಎತ್ತಿಕೊಂಡಳು. ಅವನಿಗೆ ಮಲಗಿದಲ್ಲೂ ಬರುವ ಧಾಟಿ. ಎರಡನೆಯ ಸ್ವರಕ್ಕೆ ಬೆರಳು ತನ್ನ ಹಳೆಯ ಜಾಗಕ್ಕೆ ಹೋಗಿ ಬಿತ್ತು. ಅಪಸ್ವರ. ತೆಗೆದು ಪಕ್ಕಕ್ಕಿಟ್ಟ, ಅದೂ ಅಲ್ಲ. ಅಷ್ಟರಲ್ಲಿ ಹಾಡು ಮುಂದಿನ ಸಾಲಿಗೆ ಹೋಗಿತ್ತು. ಗಾಂಧಾರ ಎಲ್ಲಿದೆ ಎಂದು ಮನಸ್ಸು ಹೇಳುತ್ತಿತ್ತು, ಬೆರಳು ಮನಸ್ಸಿನ ಮಾತು ಕೇಳುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಒಂದೇ ಓಣಿಯಲ್ಲಿ ಓಡಾಡಿ ಊರನ್ನೇ ಬಲ್ಲೆ ಎಂದುಕೊಂಡವನನ್ನು ಪಕ್ಕದ ಓಣಿಯಲ್ಲಿ ಇಳಿಸಿದ ಹಾಗಾಗಿತ್ತು. ಬಾಗಿಲುಗಳು ಅವೇ, ಕಿಟಕಿಗಳು ಅವೇ, ಯಾವ ಬಾಗಿಲು ತಟ್ಟಿದರೂ ಬೇರೆಯವರ ಮನೆ. ಬೆವರು ಕಿವಿಯ ಹಿಂದೆ ಇಳಿಯಿತು. ಬಾಯಿ ಮುಕ್ಕಳಿಸುತ್ತಿದ್ದ ಮುದುಕನೊಬ್ಬ ನಲ್ಲಿ ಬಿಟ್ಟು ತಿರುಗಿ ನೋಡಿದ. ದುರುಗಪ್ಪ ತಬಲಾ ನಿಲ್ಲಿಸದೆ, “ಏನ್ರಿ ಮಾಸ್ತರ್ರ, ಹೊಸ ಮನ್ಯಾಗ ಬಚ್ಚಲ ಎಲ್ಲೈತಿ ಅಂತ ಹುಡುಕಿದಂಗಾತಲ್ಲ,” ಎಂದ ಮೆಲ್ಲಗೆ, ನಗುತ್ತ. ಅದರಲ್ಲಿ ಕೆಡುಕಿರಲಿಲ್ಲ. ಕೆಡುಕಿದ್ದರೆ ಒಳ್ಳೆಯದಿತ್ತು.

ಹಾಡು ಹೇಗೋ ಮುಗಿಯಿತು. ಐಶ್ವರ್ಯ ಮೈಕಿಗೆ ಕೈ ಅಡ್ಡ ಹಿಡಿದು, ಕಾಯಿಲೆಯವರ ಹತ್ತಿರ ಮಾತಾಡುವ ದನಿಯಲ್ಲಿ ಹೇಳಿದಳು: “ಬಿಡ್ರಿ ಅಂಕಲ್. ಮೊಬೈಲಿನಾಗ ಟ್ರ್ಯಾಕ್ ಐತಿ, ಅದನ್ನ ಹಾಕ್ತೀನಿ. ನಿಮ್ಮ ಮೈಕು ತೆಗೀತೀನಿ. ನೀವು ಸುಮ್ನ ಕೈ ಆಡಸ್ರಿ ಸಾಕು, ಖಾಲಿ ಕುಂತ್ರ ಮನಿಯವ್ರು ಕೇಳ್ತಾರ.”

ಮಾಸ್ತರ ಹೋಗಿ ಅಂಕಲ್ ಆಗಿದ್ದ. ಅವಳು ಪೇಟಿಯ ಮುಂದಿನ ಮೈಕನ್ನು ತೆಗೆದು ದುರುಗಪ್ಪನ ಡಗ್ಗಾದ ಕಡೆ ತಿರುಗಿಸಿದಳು. ಏಳಬೇಕು, ಪೇಟಿ ಎತ್ತಿಕೊಂಡು ಗೋಣಿಚೀಲ ತುಳಿಯುತ್ತ ಹೊರಗೆ ಹೋಗಿಬಿಡಬೇಕು ಎಂದು ಅವನ ಒಳಗೆ ಒಬ್ಬ ಎದ್ದೇ ನಿಂತ; ಹೊರಗಿನವನು ಪೇಟಿಯ ಗುಂಡಿಗಳನ್ನು ಒಳಕ್ಕೆ ತಳ್ಳಿ, ದನಿ ಮುಚ್ಚಿ, ತಿದಿ ಒತ್ತುತ್ತ ಕೂತ. ಮೊಬೈಲಿನೊಳಗಿನ ಪೇಟಿ ನುಡಿಯತೊಡಗಿತು. ಅದು ಶುದ್ಧವಾಗಿತ್ತು. ಎಲ್ಲೋ ಯಾವನೋ, ಕರಿ ಐದು ಗೊತ್ತಿದ್ದವನು, ರೊಕ್ಕ ತೆಗೆದುಕೊಂಡು ನುಡಿಸಿದ್ದು. ಅದರ ಮೇಲೆ ಉಮಾಪತಿಯ ನೀಲಿ ಉಗುರಿನ ಬೆರಳು ಕರಿ ಒಂದರ ಓಣಿಯಲ್ಲಿ ಮೂಕವಾಗಿ ಓಡಾಡಿತು. ತಪ್ಪಲಿಲ್ಲ. ಎರಡು ತಾಸು ಒಂದು ಸ್ವರವೂ ತಪ್ಪಲಿಲ್ಲ.

ಆ ಎರಡು ತಾಸಿನಲ್ಲಿ ಅವನಿಗೆ ಮಾಡಲು ಬೇರೇನೂ ಇಲ್ಲದ್ದರಿಂದ ಅವನು ಕೇಳಿದ. ಗುಡಿಯಲ್ಲಿ ಅವನು ಯಾರನ್ನೂ ಕೇಳಿದವನಲ್ಲ. ತನ್ನ ಬೆರಳನ್ನು ಕೇಳಿಸಿಕೊಳ್ಳುವುದರಲ್ಲಿ ಉಳಿದ ದನಿಗಳು ಗದ್ದಲವಾಗಿದ್ದವು. ಐಶ್ವರ್ಯ ನಾಲ್ಕನೆಯ ಹಾಡಿನ ಮೂರನೆಯ ನುಡಿಗೆ ಬಂದಾಗ ಮೊಬೈಲಿನಿಂದ ಕಣ್ಣು ತೆಗೆದಳು. ಎದುರಿಗೆ ಯಾರೂ ಕೇಳುತ್ತಿರಲಿಲ್ಲ. ಎರಡನೆಯ ಪಂಕ್ತಿಗೆ ಎಲೆ ಹಾಕಿದ್ದರು, ಹೋಳಿಗೆ ಬಂತೆಂದು ಗಲಾಟೆ. ಅವಳು ಕಣ್ಣು ಮುಚ್ಚಿ, ಟ್ರ್ಯಾಕಿನಲ್ಲಿಲ್ಲದ ಒಂದು ತಿರುವು ತೆಗೆದುಕೊಂಡಳು. ಸಣ್ಣದು. ಮೇಲಿನಿಂದ ಇಳಿಯುವಾಗ ಒಂದು ಕಡೆ ನಿಂತು, ಹಿಂದಕ್ಕೆ ನೋಡಿ, ಮತ್ತೆ ಇಳಿದಳು. ದುರುಗಪ್ಪ ತಲೆ ಎತ್ತಿ “ಹಾಂ” ಎಂದ. ಅವಳು ಕಣ್ಣು ತೆರೆಯದೆ ನಕ್ಕಳು. ಅದೇ. ತಾನು ಮೂವತ್ತು ವರ್ಷ ರೊಕ್ಕದಿಂದ ಕಾಪಾಡಿಕೊಂಡು ಬಂದೆ ಎಂದುಕೊಂಡದ್ದು ಅದೇ. ಅದು ಕೈ ತೊಳೆಯುವ ನಲ್ಲಿಯ ಪಕ್ಕ, ಕೂಲಿಗೆ ಬಂದವಳ ಗಂಟಲಿನಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ಆಗಿಹೋಗಿತ್ತು. ಇವಳಿಗೆ ಇದರ ಬೆಲೆ ಗೊತ್ತಿಲ್ಲ ಎಂದು ಹೀಯಾಳಿಸಲು ನೋಡಿದ. ಹೀಯಾಳಿಕೆ ನಾಲಿಗೆಯವರೆಗೆ ಬಂದು ಒಣಗಿತು.

ಊಟ ಮುಗಿಯುತ್ತಿದ್ದಂತೆ ಓಬಳೇಶ ಬಂದ. ಬಿಳಿ ಅಂಗಿಯ ಮೇಲೆ ಕುಂಕುಮದ ಕಲೆ, ಕೈಯಲ್ಲಿ ಮೂರು ಶಾಲು. ಮೊದಲು ಐಶ್ವರ್ಯಳಿಗೆ, ಆಮೇಲೆ ದುರುಗಪ್ಪನಿಗೆ, ಕೊನೆಗೆ ಉಮಾಪತಿಗೆ ಹೊದಿಸಿ ಅವನ ಎರಡೂ ಕೈ ಹಿಡಿದುಕೊಂಡ.

“ಚಾಲಾ ಬಾಗ ವಾಯಿಂಚಾರು ಮಾಸ್ಟರ್! ಭಾಳ ಚಲೋ ನುಡಿಸಿದ್ರಿ. ಹಂಪೇಶ್ ಬರಲಿಲ್ಲ ಅಂತ ಬೇಜಾರಾಗಿತ್ತು. ಅವನಕಿಂತ ಒಂದು ಕೈ ಮ್ಯಾಲ ನೀವು. ನಮ್ಮ ತಮ್ಮನ ಮಗಳ ಮದುವಿಗೂ ನೀವ ಬರಬೇಕು ನೋಡ್ರಿ.”

ದುರುಗಪ್ಪ ಕೆಮ್ಮಿದ. ಉಮಾಪತಿ ಕೈ ಮುಗಿದ. ಬಾಗಿ ಕೈ ಮುಗಿದ. ಲಕೋಟೆ ಮುಂದೆ ಬಂದಾಗ ಅವನ ಬಲಗೈ, ಕರಿ ಐದಕ್ಕೆ ಹೋಗಲೊಲ್ಲದ ಅದೇ ಕೈ, ನೆಟ್ಟಗೆ ಹೋಗಿ ಅದನ್ನು ತೆಗೆದುಕೊಂಡಿತು. ಅದಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ. ಎಲ್ಲಕ್ಕಿಂತ ಹೇಸಿಗೆಯಾದದ್ದು, ಆ ಹೊಗಳಿಕೆ ಒಂದು ಗಳಿಗೆ ನಿಜವಾಗಿಯೂ ಸಿಹಿಯಾಗಿತ್ತು ಎನ್ನುವುದು. ಶಾಲು ಹೆಗಲ ಮೇಲೆ ಬಿದ್ದಾಗ ಬೆನ್ನು ತಾನಾಗಿ ನೆಟ್ಟಗಾಗಿತ್ತು. ನುಡಿಸದಿದ್ದುದಕ್ಕೆ ಹೊಗಳಿದರೂ ಬೆನ್ನು ನೆಟ್ಟಗಾಗುವುದಾದರೆ, ಆ ಬೆನ್ನನ್ನು ಯಾವ ಗಾಣಕ್ಕೆ ಕಟ್ಟಿದರೂ ನಡೆದೀತು.

ಹೊರಡುವಾಗ ಐಶ್ವರ್ಯ ಹಿಂದಿನಿಂದ ಬಂದಳು. “ಮೊದಲ ಸಲ ಎಲ್ಲಾರಿಗೂ ಹಿಂಗ ಆಗ್ತೈತ್ರಿ. ಮೂರು ತಿಂಗಳು ಕುಂತ್ರ ಬರ್ತೈತಿ. ನಿಮ್ಮ ಕೈ ಮೆತ್ತಗೈತಿ ಅಂತ ಹಂಪೇಶಣ್ಣ ಹೇಳ್ತಿದ್ರು.” ಅವನು ಪೇಟಿ ಎತ್ತಿಕೊಂಡದ್ದನ್ನು ನೋಡಿ, “ನೀವು ಇಷ್ಟು ದಿನ ಯಾರಿಗೆ ಸಾಥಿ ಮಾಡ್ತಿದ್ರಿ?” ಎಂದು ಕೇಳಿದಳು.

“ಭಜನಿ ಮ್ಯಾಳಕ್ಕ.”

“ಅವ್ರೆಲ್ಲಾ ಕರಿ ಒಂದ್ರಾಗ ಹಾಡ್ತಾರೇನ್ರಿ? ಗಂಡಸ್ರು, ಹೆಂಗಸ್ರು, ಎಲ್ಲಾರೂ?” ಎಂದಳು. ಬರೀ ಆಶ್ಚರ್ಯದಿಂದ ಕೇಳಿದ್ದು. ಅಷ್ಟರಲ್ಲಿ ಅವಳ ಆಟೋ ಬಂತು.

ಕುರುಗೋಡಿನ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹಂಪೇಶನಿಗೆ ಹೇಳಬೇಕಾದ ಮಾತನ್ನು ಅವನು ಹೊಂದಿಸತೊಡಗಿದ. ನೋಡಪ್ಪ, ಅದು ನಮ್ಮಂಥವರ ಜಾಗ ಅಲ್ಲ. ಎಂಜಲು ಕೈ ತೊಳೆಯುವ ಕಡೆ ಕೂತು ನುಡಿಸುವುದು ನನ್ನಿಂದಾಗದು. ನನ್ನದೇನಿದ್ದರೂ ಗುಡಿ, ನನ್ನದು ನನ್ನ ಸುಖಕ್ಕೆ. ಮಾತು ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಸೀಟಿನ ಮೇಲೆ ಕೂತಲ್ಲೇ ಅವನು ತಲೆಯಾಡಿಸಿದ. ಆಮೇಲೆ ಅದೇ ಮಾತು ಹದಿನೆಂಟನೆಯ ವಯಸ್ಸಿನ ಬಾಯಿಯಿಂದ ಬಂದ ಹಾಗೆ ಕೇಳಿಸಿತು. ಮಾಸ್ತರರು ಎಲೆಯಡಿಕೆ ಉಗುಳಿ ಬಂದದ್ದು ಕಾಣಿಸಿತು. ಅವರು ತಲೆಬಾಗಿರಲಿಲ್ಲ. ಹುಡುಗನಿಗೆ ಏಟಿನ ಭಯ, ತಪ್ಪುವ ನಾಚಿಕೆ, ಅದಕ್ಕೊಂದು ದೊಡ್ಡ ಮಾತಿನ ಹೊದಿಕೆ ಸಿಕ್ಕಿದೆ, ಹೊದ್ದುಕೊಂಡು ಮಲಗಲಿ ಎಂದು ಬಿಟ್ಟಿದ್ದರು. ಅಷ್ಟೇ. ಹೆಗಲ ಮೇಲೆ ಓಬಳೇಶನ ಶಾಲು ಇನ್ನೂ ಇದ್ದುದು ಅವನಿಗೆ ಆಗ ಗೊತ್ತಾಗಿ, ಮಡಚಿ ಚೀಲಕ್ಕೆ ತುರುಕಿದ. ಪಕ್ಕದಲ್ಲಿದ್ದ ಮುದುಕಿ, “ಯಾರು ಸನ್ಮಾನ ಮಾಡ್ಯಾರಪ್ಪ? ಮಾಸ್ತರ್ರೇನು?” ಎಂದಳು. “ಅಲ್ಲಬೇ, ದರ್ಜಿ,” ಎಂದ.

ಗುಡ್ಡದ ನೆರಳು ಕುರುಗೋಡಿನ ಮೇಲೆ ಬಿದ್ದಿತ್ತು. ಗುಡಿಯ ಕಟ್ಟೆಯಲ್ಲಿ ಎಲ್ಲರೂ ಕೂತುಬಿಟ್ಟಿದ್ದರು. ಪೇಟಿಯಿಲ್ಲದೆ ಶುರು ಮಾಡಿದ್ದರು, ದೂರದಿಂದಲೇ ಕೇಳಿಸಿತು. ವೆಂಕಣ್ಣ ಹಾಡುತ್ತಿದ್ದ. ಉಮಾಪತಿ ಚಪ್ಪಲಿ ಬಿಡುತ್ತ ಹಾಗೆಯೇ ನಿಂತ. ವೆಂಕಣ್ಣನ ದನಿ ಸೀಳಿರಲಿಲ್ಲ. ಕರಿ ಒಂದಕ್ಕಿಂತ ಕೆಳಗೆ ಎಲ್ಲೋ, ತನಗೆ ಬೇಕಾದಲ್ಲಿ ಕೂತು, ಮೇಲಿನ ಸಾಲಿಗೆ ಹತ್ತುವಾಗ ಕತ್ತಿನ ನರ ಉಬ್ಬದೆ ಹತ್ತಿ ಇಳಿಯುತ್ತಿದ್ದ. ಎತ್ತಿನ ಹಿಂದೆ ನಡೆಯುವವನ ದನಿ. ಚೆನ್ನಾಗಿರಲಿಲ್ಲ, ಆದರೆ ಅವನದೇ ಆಗಿತ್ತು.

“ಬಾರಪ್ಪ ಬಾ,” ಎಂದ ವೆಂಕಣ್ಣ, ಇವನನ್ನು ಕಂಡು ಹಾಡು ನಿಲ್ಲಿಸಿ. “ನಿಂದ ಹಾದಿ ಕಾಯಾಕತ್ತಿದ್ವಿ. ಸಾಹೇಬ್ರು ಸಿರುಗುಪ್ಪಕ್ಕ ಹೋಗಿ ದೊಡ್ಡ ಮಂದಿ ಆಗಿ ಬಂದಾರ. ಹಿಡಿ, ಶ್ರುತಿ ಹಿಡಿ.” ಹೇಳುತ್ತಲೇ ಗಂಟಲನ್ನು ಕೆರೆದು, ಕತ್ತನ್ನು ಉದ್ದ ಮಾಡಿದ, ನೊಗಕ್ಕೆ ತಾನಾಗಿ ಹೆಗಲು ಕೊಡುವ ಎತ್ತಿನ ಹಾಗೆ. ಎಲ್ಲರೂ ಒಂದಿಷ್ಟು ಕೆಮ್ಮಿ ಸಿದ್ಧರಾದರು. ಈ ಕೆಮ್ಮನ್ನು ಅವನು ಸಾವಿರ ಸೋಮವಾರ ಕೇಳಿದ್ದಾನೆ. ಚಟದ ಕೆಮ್ಮು ಎಂದುಕೊಂಡಿದ್ದ.

ಪೇಟಿ ಬಿಚ್ಚಿ ಗುಂಡಿಗಳನ್ನು ಎಳೆದ. ಬೆರಳು ಕರಿ ಒಂದರ ಮೇಲೆ ಹೋಗಿ ಕೂತಿತು, ಮನೆ ಸೇರಿದ ದನದಂತೆ. ಒತ್ತಲಿಲ್ಲ. ತಾಳದವರ ಸಾಲಿನ ಕೊನೆಯಲ್ಲಿ ಅಂಬಮ್ಮ ಕೂತಿದ್ದಳು. ಅರವತ್ತೈದು ದಾಟಿದವಳು, ನಾಟಿಗೆ ಹೋದಲ್ಲೆಲ್ಲ ಅವಳ ಹಾಡಿಗೆ ಸಾಲು ಸಾಗುತ್ತಿತ್ತೆಂದು ಹೇಳುತ್ತಿದ್ದರು. ಗುಡಿಯಲ್ಲೂ ಹಾಡುತ್ತಿದ್ದಳು. ಹನ್ನೆರಡು ವರ್ಷದ ಹಿಂದೆ ಒಂದು ಸೋಮವಾರ ಮೇಲಿನ ಸಾಲಿನಲ್ಲಿ ಅವಳ ದನಿ ಪೂರ್ತಿ ಕೈಬಿಟ್ಟಾಗ ಇವನು ಪೇಟಿ ನಿಲ್ಲಿಸಿ, “ಅಂಬಮ್ಮಾ, ನೀ ತಾಳ ಹಾಕಿದ್ರ ಸಾಕಬೇ, ಪೇಟಿಗೆ ನಿನ್ನ ದನಿ ಸಾಲಂಗಿಲ್ಲ,” ಎಂದಿದ್ದ. ಎಲ್ಲರೂ ನಕ್ಕಿದ್ದರು; ಅವಳೂ ನಕ್ಕಿದ್ದಳು. ಅಂದಿನಿಂದ ತಾಳ. ಅಂದಿನಿಂದ ಭಜನೆ ಹಸನಾಯಿತೆಂದು ಇವನು ಹೆಂಡತಿಯ ಹತ್ತಿರ ಹೇಳಿಕೊಂಡದ್ದೂ ಉಂಟು.

“ಅಂಬಮ್ಮಾ, ಒಂದು ಹಾಡು,” ಎಂದ.

“ನಾನ? ನನ್ನ ದನಿ ಸಾಲಂಗಿಲ್ಲಂತ ನೀನ ಅಂದಿದ್ದೆಲ್ಲಪ್ಪ.” ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬಂದಿತ್ತಲ್ಲ ಎನ್ನುವ ಹಾಗೆ ಹೇಳಿದಳು. ಹನ್ನೆರಡು ವರ್ಷ ನೆನಪಿಟ್ಟುಕೊಂಡಿದ್ದಳು.

“ಪೇಟಿ ನೋಡಬ್ಯಾಡ. ಗದ್ದ್ಯಾಗ ಹಾಡ್ತಿದ್ದೆಲ್ಲ, ಹಂಗ ಹಾಡು. ನಾ ಹುಡುಕ್ತೀನಿ.”

ವೆಂಕಣ್ಣ ಮುಖ ನೋಡಿದ. “ಏನ್ಲೇ, ಕುಡುದು ಬಂದೀ ಏನು?”

ಅಂಬಮ್ಮ ತಾಳವನ್ನು ಸೆರಗಿನಲ್ಲಿಟ್ಟು ಹಾಡಿದಳು. ದನಿ ಸಣ್ಣಗಾಗಿತ್ತು, ಒರಟಾಗಿತ್ತು, ಆದರೆ ಕೆಸರಿನಲ್ಲಿ ಕಾಲಿಟ್ಟವಳ ಹಾಗೆ ತನ್ನ ಜಾಗದಲ್ಲಿ ಊರಿ ನಿಂತಿತ್ತು. ಉಮಾಪತಿ ಒಂದೊಂದೇ ಮನೆ ಒತ್ತಿ ನೋಡಿದ. ಕರಿ ಎರಡು, ಅಲ್ಲ. ಬಿಳಿ ನಾಲ್ಕು, ಅಲ್ಲ. ಕರಿ ಮೂರು. ದಾಟಿಹೋದ, ಹಿಂದಕ್ಕೆ ಬಂದ. ಬಿಳಿ ಐದರ ಮೇಲೆ ಬೆರಳಿಟ್ಟಾಗ ಪೇಟಿಯ ದನಿ ಅವಳ ದನಿಯೊಳಗೆ ಹೋಗಿ ಕಾಣೆಯಾಯಿತು. ಅಲ್ಲಿಂದ ಮುಂದಕ್ಕೆ ಹೇಗೆ ನಡೆಯಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಅದೊಂದನ್ನೇ ಒತ್ತಿ ಹಿಡಿದು, ತಿದಿ ಹಾಕುತ್ತ ಕೂತ.

“ಇದೇನ್ಲೇ ಉಮಾಪತಿ,” ಎಂದ ವೆಂಕಣ್ಣ, “ಒಂದ ಮನಿ ಹಿಡಕೊಂಡು ಕುಂತೀ! ಇದಕ್ಕ ರೊಕ್ಕ ಕೊಟ್ರೇನು ಅವ್ರು?”

“ಇಲ್ಲಪ್ಪ. ಅಲ್ಲಿ ಇಷ್ಟೂ ನುಡಿಸಿದ್ದಿಲ್ಲ. ಅದಕ್ಕ ಕೊಟ್ರು.”

ಯಾರಿಗೂ ಅದು ತಿಳಿಯಲಿಲ್ಲ. ತಮಾಷೆಯೆಂದು ನಕ್ಕರು. ಅಂಗಿಯ ಜೇಬಿನಲ್ಲಿ, ಲಕೋಟೆಯ ಹಿಂದೆ, ಫೋನು ಗುಂಯ್‌ಗುಟ್ಟಿತು. ಒಂದು ಕೈ ತಿದಿಯ ಮೇಲೆ, ಒಂದು ಬೆರಳು ಮನೆಯ ಮೇಲೆ. ವೆಂಕಣ್ಣನೇ ಜೇಬಿಗೆ ಕೈ ಹಾಕಿ ತೆಗೆದು, ಒತ್ತಿ, ಅವನ ಕಿವಿಯ ಹತ್ತಿರ ಹಿಡಿದ. ಹಂಪೇಶನ ದನಿ ಕಟ್ಟೆಗೆಲ್ಲ ಕೇಳಿಸಿತು.

“ಏನಾತ್ಲೇ? ಓಬಳೇಶ ಫೋನ್ ಮಾಡಿದ್ದ, ನನಗಿಂತ ನೀನ ಮ್ಯಾಲಂತ. ಮೋಕಾದವ್ರಿಗೆ ಏನ್ ಹೇಳ್ಲಿ?”

“ಬ್ಯಾರೇವ್ರನ್ನ ಹುಡುಕು.”

“ಗೊತ್ತಿತ್ತು. ರೊಕ್ಕಕ್ಕ ನುಡಿಸಂಗಿಲ್ಲ, ಅಲ್ಲೇನು?”

“ಅಲ್ಲ. ನುಡಿಸಾಕ ಬರಂಗಿಲ್ಲ.” ಆಮೇಲೆ ಅವನು, ಎಲ್ಲರೂ ಕೇಳುತ್ತಿರುವಾಗಲೇ, “ನಾಳಿ ಸಂಜಿ ನಿನ್ನ ಮನೀಗೆ ಬರ್ತೀನಿ. ಉಳಿದ ಹನ್ನೊಂದು ಹೇಳಿಕೊಡು,” ಎಂದ.

ಹಂಪೇಶ ಆ ಕಡೆಯಿಂದ ನಕ್ಕ. “ಐವತ್ತೆರಡಕ್ಕೇನ್ಲೇ? ಮಂಡಿ ಮ್ಯಾಲೆ ಏಟು ತಿಂತೀಯೇನು? ನಂದು ಎಡಗೈ ನೆಟ್ಟಗೈತಿ ನೋಡು. ಮತ್ತ ಪುಗಸಟ್ಟೆ ಹೇಳಿಕೊಡಂಗಿಲ್ಲ. ನಾ ರೊಕ್ಕದ ಮನುಷ್ಯ.”

“ಕೊಡ್ತೀನಿ.”

ವೆಂಕಣ್ಣ ಫೋನನ್ನು ಜೇಬಿಗೆ ತುರುಕಿ, ಇವನಿಗೆ ಏನಾಗಿದೆ ಎಂದು ತಾಳದವರ ಕಡೆ ಕಣ್ಣಲ್ಲೇ ಕೇಳಿದ. ಅಷ್ಟರಲ್ಲಿ ಬೆರಳು ಬಿಳಿ ಐದರ ಮೇಲೆ ಸ್ವಲ್ಪ ಸಡಿಲಾಗಿತ್ತು, ದನಿ ಮಾಸಿತ್ತು. ಉಗುರಿನ ನೀಲಿ ಬಿಳಿಮನೆಯ ಮೇಲೆ ಎದ್ದು ಕಾಣುತ್ತಿತ್ತು.

ಅಂಬಮ್ಮ ತಾಳವನ್ನು ಸೆರಗಿನಿಂದ ತೆಗೆಯಲೇ ಇಲ್ಲ.

“ಹಿಡಿದದ್ದು ಬಿಡಬ್ಯಾಡಪ್ಪ,” ಎಂದಳು. “ಇನ್ನೊಂದು ನುಡಿ ಐತಿ.”